ಅಡುಗೆಮನೆ ಪಕ್ಕದ ಪುಣೆ ಟೀಮ್

ಮಾವನವರಿಗೆ,

ನಿಮ್ಮ ಸೊಸೆ ಸುವರ್ಣಾಳ ಶರಣು. ನೀವು ಹೋಗಿ ವರ್ಷ ತುಂಬಿ ಮೇಲೆ ಎರಡು ತಿಂಗಳಾಯಿತು. ಪೆನ್ನಿನಿಂದ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ ಎಂದು ಮೂಗು ಮುರಿಯಬೇಡಿ. ಆಫೀಸಿನ ಕಂಪ್ಯೂಟರಿನಲ್ಲಿ ಏನು ಬರೆದರೂ ಕೊನೆಗೆ ನಿಮ್ಮ ಮಗನ ಹೆಸರು ತಾನಾಗಿ ಬಂದು ಕೂರುತ್ತದೆ. ಇದೊಂದಾದರೂ ನನ್ನದಾಗಿರಲಿ ಅಂತ. ನಿಮಗೆ ಹೇಳುವುದು ಒಂದಿದೆ, ನಿಮ್ಮನ್ನು ಕೇಳುವುದು ಒಂದಿದೆ, ಜಗಳವೂ ಸ್ವಲ್ಪ ಇದೆ. ನೀವಿದ್ದಾಗ ನಿಮ್ಮೊಂದಿಗೆ ಜಗಳವಾಡುವುದು ನನ್ನಿಂದ ಆಗುತ್ತಿರಲಿಲ್ಲ. ಎದುರಿಗೆ ನಿಂತರೆ ಸೆರಗು ಸರಿಮಾಡಿಕೊಳ್ಳುವುದರಲ್ಲೇ ಮಾತು ಮರೆತುಹೋಗುತ್ತಿತ್ತು.

ಸೋನ್ಯಾಳದ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ನೆನಪಿದೆಯೇ? ನಿಮ್ಮ ಕಡೆಯ ಹೆಂಗಸರು ರೊಟ್ಟಿ ಬಡಿಯಲು ಬರುತ್ತದೆಯೇ, ಹೋಳಿಗೆಗೆ ಹೂರಣ ಹೇಗೆ ಅರೆಯುತ್ತೀ ಎಂದು ಕೇಳುತ್ತಿದ್ದರು. ನೀವು ಅವಲಕ್ಕಿ ತಟ್ಟೆ ಪಕ್ಕಕ್ಕಿಟ್ಟು, "ಸಾಂಗಲಿಯೊಳಗ ಕಂಪ್ಯೂಟರ್ ಕಲತೀಯಂತಲ್ಲವಾ, ಅದರಾಗ ಏನ್ ಮಾಡಾಕ ಬರ್ತೈತಿ?" ಎಂದಿರಿ. "ವೆಬ್‌ಸೈಟ್ ಮಾಡಾಕ ಬರ್ತೈತ್ರಿ. ಆದ್ರ ಈ ಕಡೆ ಮಾಡಿಸ್ಕೊಳ್ಳಾವ್ರು ಯಾರದಾರ್ರಿ?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ನಮ್ಮವ್ವ ಬಾಗಿಲ ಮರೆಯಿಂದ ಕಣ್ಣು ಕೆಂಪು ಮಾಡಿದಳು. ನೀವು ಮಾತ್ರ ತೊಡೆ ತಟ್ಟಿ ನಕ್ಕು, "ಗಿರಾಕಿ ತರೂದು ನನಗ ಬಿಡು, ಮಾಡೂದು ನೀ ಮಾಡು" ಎಂದಿರಿ. ಆ ದಿನ ಸಂಬಂಧ ಕುದುರಿದ್ದು ನನಗೂ ನಿಮ್ಮ ಮಗನಿಗೋ, ನನ್ನ ಡಿಗ್ರಿಗೂ ಜತ್ತದ ನಿಮ್ಮ ಟೈಪಿಂಗ್ ಕ್ಲಾಸಿಗೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಯಳವಿಯ ದಾಳಿಂಬೆ ನರ್ಸರಿಯವರು ವೆಬ್‌ಸೈಟ್ ಕೇಳಿಕೊಂಡು ಬಂದ ದಿನ ನಮ್ಮ ಪದ್ಧತಿ ಶುರುವಾಯಿತು. ಟೈಪಿಂಗ್ ಮಷೀನುಗಳು ಆಗಲೇ ಮೂಲೆ ಸೇರಿದ್ದವು. ಮುಂದಿನ ಕೋಣೆಯಲ್ಲಿ ನಿಮ್ಮ ಕುರ್ಚಿ, ಅದರ ಹಿಂದೆ ಗೋಡೆ, ಗೋಡೆಯ ಈ ಕಡೆ ಅಡುಗೆಮನೆಗೆ ಅಂಟಿಕೊಂಡ ಕತ್ತಲೆ ಕೋಣೆಯಲ್ಲಿ ನಾನು ಮತ್ತು ಕಂಪ್ಯೂಟರ್. ಗೋಡೆಯಲ್ಲಿ ಒಂದು ಪುಸ್ತಕ ಹಿಡಿಸುವಷ್ಟು ಕಿಂಡಿ. ಗಿರಾಕಿ ಹೇಳಿದ್ದನ್ನು ನೀವು ಚೀಟಿಯಲ್ಲಿ ಬರೆದು ಕಿಂಡಿಯಿಂದ ತಳ್ಳುತ್ತಿದ್ದಿರಿ. ಆಗುತ್ತದೆ ಎಂದರೆ ನಾನು ಒಂದು ಸಲ ಗೋಡೆ ತಟ್ಟಬೇಕು, ಆಗುವುದಿಲ್ಲ ಎಂದರೆ ಎರಡು ಸಲ. ನೀವು ಕನ್ನಡಕ ಮೇಲೇರಿಸಿ, ಎಲ್ಲ ನೀವೇ ಯೋಚಿಸಿದವರ ಹಾಗೆ, "ಆಗ್ತೈತ್ರಿ, ಎಂಟ ದಿನಾ ಕೊಡ್ರಿ" ಎನ್ನುತ್ತಿದ್ದಿರಿ. ನನಗೆ ಒಳಗೆ ನಗು ತಡೆಯುತ್ತಿರಲಿಲ್ಲ.

ಸನಮಡಿಯ ಕಂಬಳಿ ನೇಯುವವರು ಬಂದಾಗ ಏನಾಯಿತು ನೋಡಿ. ಪ್ರತಿ ಕಂಬಳಿಯ ಅಂಚೂ ಬೇರೆ, ಒಂದರ ಫೋಟೋ ತೋರಿಸಿ ಇನ್ನೊಂದು ಕಳಿಸಿದರೆ ತಮ್ಮ ಮಾತು ಹೋಗುತ್ತದೆ ಎಂದು ಅವರು ಹಟ ಹಿಡಿದರು. ನಾನು ಮೂರು ದಿನ ತಲೆ ಕೆಡಿಸಿಕೊಂಡು, ಒಂದು ಕಂಬಳಿ ಮಾರಾಟವಾದ ಕೂಡಲೇ ಅದರ ಫೋಟೋ ಸೈಟಿನಿಂದ ತಾನೇ ಇಳಿಯುವ ಹಾಗೆ ಮಾಡಿದೆ. ಅವರು ಖುಷಿಯಾಗಿ ನಿಮ್ಮ ಹೆಗಲಿಗೆ ಒಂದು ಕರಿ ಕಂಬಳಿ ಹೊದಿಸಿ ಹೋದರು. ನೀವು ಅದನ್ನು ಒಳಗೆ ತಂದು ನನ್ನ ಕುರ್ಚಿಯ ಮೇಲೆ ಹಾಕಿ, "ಇದು ನಿಂದವಾ" ಎಂದಿರಿ. ನಾನು ಅಷ್ಟಕ್ಕೇ ಉಬ್ಬಿಹೋದೆ. ಆ ಮಾತನ್ನು ಅವರ ಎದುರಿಗೇ ಹೇಳಬಹುದಿತ್ತಲ್ಲ, ಮಾವನವರೇ? ಆಗ ನನಗೆ ಹಾಗೆ ಅನ್ನಿಸಲೂ ಇಲ್ಲ.

ಮೊದಲ ಇಮೇಲ್ ಬರೆಯುವಾಗ ನಾನು ಪೇಚಿಗೆ ಸಿಕ್ಕಿಕೊಂಡದ್ದು ನಿಮಗೆ ಗೊತ್ತಿಲ್ಲ. ನಮ್ಮಲ್ಲಿ ಸೊಸೆ ಮಾವನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ, ಗಂಡನದ್ದೂ ಇಲ್ಲ. ರೇಷನ್ ಅಂಗಡಿಯಲ್ಲಿ ಮನೆ ಯಜಮಾನರ ಹೆಸರು ಕೇಳಿದರೆ ಇವತ್ತಿಗೂ ನಾನು ಕಾರ್ಡು ಮುಂದೆ ಹಿಡಿಯುತ್ತೇನೆ. ಅಂಥವಳು ದಿನಕ್ಕೆ ಹತ್ತು ಸಲ ನಿಮ್ಮ ಹೆಸರು ಟೈಪ್ ಮಾಡಿ ಕೆಳಗೆ 'ಸಂಚಾಲಕರು' ಎಂದು ಹಾಕುತ್ತಿದ್ದೆ. ಇದು ನಡೆಯುತ್ತದೆಯೇ ಎಂದು ಅತ್ತೆಯನ್ನು ಕೇಳಿದೆ. "ಬೆರಳಿಗ್ಯಾರು ಬೈತಾರ? ಬಾಯಿ ಮುಚ್ಚಿದ್ರ ಸಾಕು" ಎಂದರು. ಆಗ ಇಬ್ಬರೂ ನಕ್ಕೆವು. ಐದು ವರ್ಷ ನಿಮ್ಮ ಹೆಸರಾಯಿತು, ಈಗ ನಿಮ್ಮ ಮಗನದ್ದು. ನನ್ನ ಹೆಸರನ್ನು ಟೈಪ್ ಮಾಡುವಾಗ ಬೆರಳು ತಡವರಿಸುತ್ತದೆ ಎಂದರೆ ನಂಬುತ್ತೀರಾ?

ಆ ಹೆಸರು ಇಪ್ಪತ್ತು ದಿನ ಹೊರಗಿತ್ತು. ನಮ್ಮದೇ ಸೈಟ್ ಮಾಡಿದಾಗ 'ನಮ್ಮ ಮಂದಿ' ಎಂಬ ಪುಟದಲ್ಲಿ ನಿಮ್ಮ ಫೋಟೋ ಕೆಳಗೆ ನನ್ನ ಹೆಸರು ಹಾಕಲು ಹೇಳಿದವರು ನೀವೇ. ಆಮೇಲೆ ಯಾರದೋ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿ ಬಂದವರು ಚಪ್ಪಲಿ ಬಿಡುವ ಮೊದಲೇ ಕಿಂಡಿಯ ಹತ್ತಿರ ಬಂದಿರಿ. "ಅವ್ವಾ, ನಿನ್ನ ಹೆಸರು ಅಲ್ಲಿಂದ ತಗದಬಿಡು." ಯಾಕ್ರಿ ಎಂದೆ. "ಸೊಸೀನ ಪ್ಯಾಟ್ಯಾಗ ನಿಂದರಿಸ್ಯಾರ ಅಂತ ಕಾಕಾ ಎಲ್ಲಾರ ಮುಂದ ಅಂದ್ರು. ನಾಕ ಮಂದಿ ನಾಕ ಮಾತಾಡೂದು ಯಾಕ ಬೇಕವಾ? ಕೆಲಸಂತೂ ನಿಂದ ಐತಲ್ಲ." ಒಂದು ಸಾಲು ಅಳಿಸಲು ಎಷ್ಟು ಹೊತ್ತು? ನನ್ನ ಕೈಯಿಂದಲೇ ಅಳಿಸಿದೆ. ನೀವು ಸಮಾಧಾನಕ್ಕೆ ಬಸ್ ಸ್ಟ್ಯಾಂಡಿನಿಂದ ಬಿಸಿ ಭಜಿ ತಂದಿರಿ. ನನ್ನ ಜಗಳ ಇರುವುದು ಇಲ್ಲೇ. ಬೇರೆ ಯಾರಾದರೂ ಹೇಳಿದ್ದರೆ ಒಂದು ಮಾತಾದರೂ ಎದುರಾಡುತ್ತಿದ್ದೆ. ನೀವು ಎಷ್ಟು ಪ್ರೀತಿಯಿಂದ ಹೇಳಿದಿರಿ ಎಂದರೆ, ಇಲ್ಲ ಎನ್ನಲು ನನಗೆ ಜಾಗವೇ ಉಳಿಯಲಿಲ್ಲ.

ಹೊಲದಲ್ಲಿ ನಿಮ್ಮನ್ನು ಕೂರಿಸಿ ಮಣ್ಣು ಕೊಟ್ಟು ಬಂದ ದಿನ, ಅಂಗಳದಲ್ಲಿ ಇನ್ನೂ ಜನ ಇರುವಾಗಲೇ, ನಿಮ್ಮ ಚಿಕ್ಕಪ್ಪ, ಅದೇ ಕಾಕಾ, ನಿಮ್ಮ ಮಗನ ತೋಳು ಹಿಡಿದು ತಂದು ನಿಮ್ಮ ಕುರ್ಚಿಯಲ್ಲಿ ಕೂರಿಸಿದರು. "ಅಪ್ಪನ ಜಾಗಾ ಖಾಲಿ ಬಿಡಬಾರದು" ಎಂದರು. ಪಂಪಿನ ಮೋಟಾರು ರಿವೈಂಡಿಂಗ್ ಮಾಡಿಕೊಂಡು ಇದ್ದ ಮನುಷ್ಯ. ಸುಟ್ಟ ಮೋಟಾರನ್ನು ಬರೀ ಮೂಸಿ ನೋಡಿ ಏನು ಹೋಗಿದೆ ಎಂದು ಹೇಳುವವರು. ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ತಲೆಬುಡ ಗೊತ್ತಿಲ್ಲದ ಕೆಲಸಕ್ಕೆ ಸಂಚಾಲಕರಾದರು. ಕಿಂಡಿ, ಚೀಟಿ ಎಲ್ಲ ಹಳೇ ಕಾಲದ್ದು ಎಂದು ಕಿವಿಗೆ ಹಾಕಿಕೊಳ್ಳುವ ಬ್ಲೂಟೂತ್ ತಂದರು. ಗಿರಾಕಿ ಎದುರಿಗೆ ಇರುವಷ್ಟು ಹೊತ್ತೂ ನನ್ನ ಫೋನು ಅವರ ಕಿವಿಯಲ್ಲಿ ಚಾಲೂ. ನಾನು ಒಳಗೆ ಪಿಸುಗುಟ್ಟಬೇಕು, ಅವರು ಹೊರಗೆ ಅದನ್ನೇ ಹೇಳಬೇಕು. ನಿಮ್ಮ ಕಾಲದಲ್ಲಿ ಕಿಂಡಿ ಮುಚ್ಚಿದರೆ ನಾನು ಎದ್ದು ಹೋಗಬಹುದಿತ್ತು. ಈಗ ಎದ್ದರೂ ಕೂತರೂ ಅವರ ಕಿವಿಯಲ್ಲೇ ಇರಬೇಕು. ಕೆಮ್ಮು ಬಂದರೆ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದೆ.

ಈ ಪತ್ರಕ್ಕೆ ಕಾರಣವಾದ ದಿನದ ಕಥೆ ಕೇಳಿ. ಸಾಂಗಲಿ ಕಡೆಯ ಒಂದು ಶಿಕ್ಷಣ ಸಂಸ್ಥೆ, ಕನ್ನಡ ಶಾಲೆ ಮರಾಠಿ ಶಾಲೆ ಎರಡನ್ನೂ ನಡೆಸುವವರು, ತಮ್ಮ ಎಲ್ಲ ಶಾಲೆಗಳಿಗೂ ಸೈಟ್ ಬೇಕೆಂದರು. ಇಷ್ಟು ದೊಡ್ಡ ಕೆಲಸ ನಮಗೆ ಹಿಂದೆ ಬಂದದ್ದೇ ಇಲ್ಲ. ನಾನು ಎರಡು ತಿಂಗಳು ಕೂತು ಒಂದು ನಮೂನೆ ಮಾಡಿದ್ದೆ. ಶಾಲೆಯ ಸೂಚನೆ ಯಾವ ಭಾಷೆಯಲ್ಲಿ ಬಂದರೂ ತಾಯಿ ಒಂದು ಗುಂಡಿ ಒತ್ತಿದರೆ ಅದು ಅವಳ ಭಾಷೆಯಲ್ಲಿ ತೆರೆಯಬೇಕು, ಓದಲು ಬಾರದಿದ್ದರೆ ಓದಿ ಹೇಳಬೇಕು. ನಮ್ಮವ್ವ ನನ್ನ ಶಾಲೆಯ ಮರಾಠಿ ಕಾಗದ ಹಿಡಿದುಕೊಂಡು ಓಣಿಯ ಮನೆಮನೆ ತಿರುಗುತ್ತಿದ್ದಳು. ಆ ತಿರುಗಾಟ ತಪ್ಪಿಸುವುದು ನನ್ನ ಬಹುದಿನದ ಆಸೆ. ಅದಕ್ಕೇ ಈ ಕೆಲಸ ನನಗೆ ಬೇಕೇಬೇಕಾಗಿತ್ತು.

ಸಂಸ್ಥೆಯ ಕಾರ್ಯದರ್ಶಿಗಳು, ಮರಾಠಿ ರೂಢಿಯಂತೆ ಸಚಿವರು ಎಂದು ಎಲ್ಲರೂ ಕರೆಯುವವರು, ವಿಡಿಯೋ ಕಾಲ್‌ನಲ್ಲಿ ಕುಳಿತರು. ಮಾತೆಲ್ಲ ಮರಾಠಿಯಲ್ಲಿ. ನಿಮ್ಮ ಮಗ ಅರ್ಧ ಗಂಟೆ ನನ್ನ ಕನ್ನಡವನ್ನು ಕಿವಿಯಿಂದ ತೆಗೆದುಕೊಂಡು ಬಾಯಿಂದ ಮರಾಠಿಯಲ್ಲಿ ಬಿಡುತ್ತ ಚೆನ್ನಾಗಿಯೇ ನಡೆಸಿದರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಮೇಲೆ ಬರುವುದು ನನಗೆ ಕಂಡಿತು. "ಅತ್ತೀ, ಹಾಲು ಉಕ್ಕಾಕ ಹತ್ತೈತಿ, ಲಗೂನ ಗ್ಯಾಸ್ ಬಂದ್ ಮಾಡ್ರಿ" ಎಂದು ಕೂಗಿದೆ. ಗೋಡೆಯ ಆಚೆ ನಿಮ್ಮ ಮಗ, ಅದೇ ಗಂಭೀರ ದನಿಯಲ್ಲಿ, ಹಾಲು ಉಕ್ಕುತ್ತಿದೆ, ಬೇಗ ಗ್ಯಾಸ್ ಬಂದ್ ಮಾಡಬೇಕು ಎಂದು ಸಚಿವರಿಗೆ ಮರಾಠಿಯಲ್ಲಿ ಹೇಳಿಬಿಟ್ಟರು! ಕಿವಿಯಲ್ಲಿ ಯಾರಿದ್ದಾರೆ ಎಂದು ಸಚಿವರು ಕೇಳಿದರು. "ಆಮಚೀ ಪುಣ್ಯಾಚೀ ಟೀಮ್ ಆಹೇ, ಸರ್" ಎಂದರು ನಿಮ್ಮ ಮಗ. ನಮ್ಮ ಪುಣೆಯ ಟೀಮ್! ಹಾಲು ಒರೆಸುತ್ತಿದ್ದ ಅತ್ತೆ, ಫೋನ್ ಹಿಡಿದ ನಾನು, ನಾವಿಬ್ಬರೂ ಪುಣೆಯವರು. ನನಗೆ ನಗು ಬಂತು. ನಕ್ಕರೆ ಅದೂ ಕಿವಿಗೆ ಹೋಗುತ್ತದೆ ಎಂದು ತಡೆದುಕೊಂಡೆ. ತಡೆದುಕೊಂಡ ಮೇಲೆ ಅಳು ಬಂತು, ಅದನ್ನೂ ತಡೆದುಕೊಂಡೆ.

ಸಚಿವರು ಬಿಡುವವರಲ್ಲ. ನಮೂನೆ ಹಿಡಿಸಿದೆ, ಆದರೆ ಮಾಡಿದ ಪುಣೆಯ ಮುಖ್ಯಸ್ಥರನ್ನು ಸಂಸ್ಥೆಯ ಸಭೆಗೆ ಕರೆತನ್ನಿ, ಆಮೇಲೆ ಕೆಲಸದ ಮಾತು ಎಂದರು. ನಿಮ್ಮ ಮಗ ಸುಳ್ಳು ಹೇಳಿ ಗೊತ್ತಿಲ್ಲದವರು, ಒಂದು ಹೇಳಿ ಪೂರ್ತಿ ಮುಳುಗಿದರು. ಗೆಳೆಯರ ಕಡೆಯಿಂದ ಪುಣೆಯ ಒಬ್ಬನನ್ನು ಗೊತ್ತುಮಾಡಿದರು. ಒಂದು ದಿನದ ಮಟ್ಟಿಗೆ ಬಂದು ಕುಳಿತುಹೋಗಲು ಅವನು ಒಪ್ಪಿದ. "ನೀ ಫೋನಿನ್ಯಾಗ ಅವಂಗ ಎಲ್ಲಾ ಕಲಿಸು. ಅವನ ಫೋಟೋ 'ನಮ್ಮ ಮಂದಿ' ಪುಟದಾಗ ಹಾಕು" ಎಂದರು. ಹಾಕಿದೆ, ಮಾವನವರೇ. ಅವನ ಅನುಭವ ಎಂಬಲ್ಲಿ ಯಳವಿಯ ನರ್ಸರಿ ಬರೆದೆ, ಸನಮಡಿಯ ಕಂಬಳಿ ಬರೆದೆ, ಎರಡು ಭಾಷೆಯ ಶಾಲೆಯ ಸೈಟ್ ಅವನ ಕಲ್ಪನೆ ಎಂದು ಬರೆದೆ. ಜತ್ತದ ದಾರಿ ಗೊತ್ತಿಲ್ಲದ ಮನುಷ್ಯ ನನ್ನ ಆರು ವರ್ಷ ಹೊತ್ತುಕೊಂಡು ನಗುತ್ತಿದ್ದ. ಯಾರೂ ನನ್ನ ಕೈ ಹಿಡಿದು ಒತ್ತಿಸಲಿಲ್ಲ, ನಾನೇ ಒತ್ತಿದೆ. ಕೆಲಸ ಕೈತಪ್ಪಿದರೆ ಎಂಬ ಭಯ ಒಂದು ಕಡೆ, ಮನೆಯವರ ಮಾನ ಒಂದು ಕಡೆ. ಬಾಗಿಲು ತೆರೆದೇ ಇದ್ದರೂ ಆ ಕೋಣೆಯಿಂದ ಏಳಲು ನನಗೆ ಕಾಲೇ ಬರಲಿಲ್ಲ.

ಎರಡು ದಿನದ ಮೇಲೆ, ಬೆಳಗಿನ ಹತ್ತರ ಹೊತ್ತಿಗೆ, ಆಫೀಸಿನ ಫೋನು ಅಡುಗೆಮನೆಯ ಗೂಡಿನಲ್ಲಿ ಚಾರ್ಜಿಗಿತ್ತು. ನಿಮ್ಮ ಮಗ ಆ ಪುಣೆಯವನ ಹೆಸರಿನ ಕಾರ್ಡು ಅಚ್ಚು ಹಾಕಿಸಲು ಹೋಗಿದ್ದರು. ನನ್ನ ಕೈಯೆಲ್ಲ ಜೋಳದ ಹಿಟ್ಟು. ಫೋನು ಬಡಿದುಕೊಂಡಿತು, ಅತ್ತೆ ಎತ್ತಿದರು. ಪುಣೆಯ ಸಾಹೇಬರು ಯಾವಾಗ ಬರುತ್ತಾರೆ ಎಂದು ಸಚಿವರು ಕೇಳಿರಬೇಕು. ಅತ್ತೆ ಮರಾಠಿಯಲ್ಲಿ ಶುರುಮಾಡಿ, ಎಂದಿನ ಹಾಗೆ ಅರ್ಧ ದಾರಿಯಲ್ಲಿ ಕನ್ನಡಕ್ಕೆ ಹೊರಳಿದರು. "ಪುಣಾದಾಗ ನಮ್ಮವ್ರು ಯಾರೂ ಇಲ್ರಿ ಸರ. ಎಲ್ಲಾ ಮಾಡಾಕಿ ನಮ್ಮ ಸೊಸಿ. ಇಲ್ಲೇ ರೊಟ್ಟಿ ಬಡ್ಯಾಕ ಹತ್ಯಾಳ. ಕೈ ತೊಳಕೊಂಡ ಬರ್ತಾಳ, ತಡೀರಿ."

ನನ್ನ ಕೈಯಲ್ಲಿದ್ದ ರೊಟ್ಟಿ ಹರಿದುಹೋಯಿತು. ಅತ್ತೆ ಫೋನನ್ನು ನನ್ನ ಕಿವಿಗೆ ಹಿಡಿದರು. ಶಾಲೆ ನಡೆಸುವವರಲ್ಲವೇ, ಸಚಿವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. "ನೀವ ಮಾಡೀರೇನ್ರಿ?" ಎಂದರು. ಹೂಂ ರಿ ಎಂದೆ. "ಅವತ್ತ ಉಕ್ಕಿದ್ದು ನಿಮ್ಮನೀ ಹಾಲೇನ್ರಿ?" ಹೂಂ ರಿ. ಅವರು ನಕ್ಕರೋ ಸಿಟ್ಟು ಮಾಡಿದರೋ ತಿಳಿಯಲಿಲ್ಲ. ನಿಮ್ಮ ಮನೆಯವರ ಜೊತೆಗೇ ಮಾತಾಡುತ್ತೇನೆ ಎಂದು ಇಟ್ಟುಬಿಟ್ಟರು. ಆರು ವರ್ಷದಲ್ಲಿ ಒಬ್ಬ ಗಿರಾಕಿಯ ಜೊತೆ ನಾನು ಆಡಿದ ಮೊದಲ ಮಾತು ಎರಡು 'ಹೂಂ'.

ನಿಮ್ಮ ಮಗ ಬಂದರು, ನಡೆದದ್ದು ಕೇಳಿ ಕಾರ್ಡಿನ ಡಬ್ಬಿ ಕಟ್ಟೆಯ ಮೇಲೆ ಬಿಸಾಕಿ ಕುಳಿತರು. "ಇನ್ನ ಮಂದ್ಯಾಗ ನನ್ನ ಮಾರಿ ಹೆಂಗ ತೋರಸ್ಲವಾ?" ಎಂದು ಅತ್ತೆಯನ್ನು ಕೇಳಿದರು. ಅತ್ತೆ ಸೊಪ್ಪು ಸೋಸುತ್ತಿದ್ದವರು ತಲೆ ಎತ್ತದೆ, "ನಿಮ್ಮಪ್ಪನ ಕ್ಲಾಸಿನ ಪ್ರಾಕ್ಟೀಸ್ ಪೇಪರ್ ಯಾರು ತಪಾಸತಿದ್ರು, ಗೊತ್ತೈತೇನು?" ಎಂದರು. ಅಪ್ಪ ಎಂದರು ನಿಮ್ಮ ಮಗ. ನಾನೂ ಹಾಗೇ ತಿಳಿದಿದ್ದೆ. "ನಾನು. ಇದ ಕ್ವಾಣ್ಯಾಗ ಕುಂತು. ನೀ ತೊಡೀಮ್ಯಾಲ ಇರತಿದ್ದಿ. ಇಂಗ್ಲಿಷ್ ಓದಾಕ ಬರ್ತಿದ್ದಿಲ್ಲ ನನಗ, ಅಕ್ಷರಕ್ಕ ಅಕ್ಷರ ಹಚ್ಚಿ ನೋಡತಿದ್ನಿ. ತಪ್ಪಿಗೆ ಕೆಂಪ ಗೆರಿ ಎಳದು ಕಿಂಡ್ಯಾಗಿಂದ ಹೊರಗ ಕೊಡತಿದ್ನಿ. ಮಾಸ್ತರ ಕಣ್ಣ ಭಾಳ ಚೂಪ ಅಂತ ಊರಾಗ ಹೆಸರಾತು."

ಮಾವನವರೇ, ನಾನು ಕೇಳಬೇಕೆಂದದ್ದು ಇದನ್ನೇ. ನೀವು ನನಗೆ ಇದನ್ನು ಒಂದು ದಿನವೂ ಹೇಳಲಿಲ್ಲ ಏಕೆ? ಕೋಣೆ ನನಗಾಗಿಯೇ ಖಾಲಿ ಮಾಡಿಸಿದ್ದು ಎಂದಿರಲ್ಲ, ಅದರಲ್ಲಿ ಯಾರಿದ್ದರು ಎಂದು ಹೇಳಲಿಲ್ಲ. ಅತ್ತೆಗೂ ಭಜಿ ತಂದುಕೊಟ್ಟು ಸಮಾಧಾನ ಮಾಡಿದ್ದಿರಾ? ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ, ಆದರೆ ಆ ದಿನ ಸಿಟ್ಟು ಅದಕ್ಕಿಂತ ಹೆಚ್ಚಾಗಿ ಬಂತು. ನೀವು ಒಳ್ಳೆಯವರಾಗಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು, ಸಲೀಸಾಗಿ ಬೈದು…

ನಿಮ್ಮ ಮಗ ಕಾರ್ಡಿನ ಡಬ್ಬಿಯನ್ನು ದೂರ ತಳ್ಳಿದರು. ಆಮೇಲೆ, "ಈ ಕುರ್ಚಿ ನಾ ಕೇಳಿದ್ನೇನು?" ಎಂದರು. ಅವರೂ ಸಿಕ್ಕಿಬಿದ್ದಿದ್ದರು ಎಂದು ನನಗೆ ಹೊಳೆದದ್ದು ಆಗಲೇ. ನನ್ನ ಕಡೆ ತಿರುಗಿ, "ನೀನರ ಒಂದ ಮಾತ ಹೇಳಬಾರದಾ?" ಎಂದರು. ಏನು ಹೇಳಲಿ? ಒಂದು ವರ್ಷ ಅವರ ಕಿವಿಯಲ್ಲೇ ಮಾತಾಡಿದ್ದೇನೆ, ನನ್ನದೊಂದು ಮಾತನ್ನೂ ಹೇಳಿರಲಿಲ್ಲ. ಅಂದು ಹೇಳಿದೆ, ಎಲ್ಲ. ಅತ್ತೆ ಸೊಪ್ಪು ಎತ್ತಿಕೊಂಡು ಒಳಗೆ ಹೋದರು.

ಮರುದಿನ ಸಚಿವರೇ ಫೋನ್ ಮಾಡಿದರು. ಸುಳ್ಳು ಹೇಳಿದ್ದಕ್ಕೆ ನಿಮ್ಮ ಮಗನನ್ನು ಮಾಸ್ತರರಂತೆ ಬೈದರಂತೆ. ಕೆಲಸ ಕೊಡುತ್ತೇವೆ ಎಂದು ಈಗಲೇ ಹೇಳುವುದಿಲ್ಲ, ಸಭೆಯಲ್ಲಿ ಒಬ್ಬಿಬ್ಬರು ಬೇಡ ಎನ್ನುತ್ತಿದ್ದಾರೆ, ಸೋಮವಾರ ಮಾಡಿದವರೇ ಬಂದು ತೋರಿಸಲಿ ಎಂದರಂತೆ. "ಹೊಕ್ಕೀಯೇನು?" ಎಂದು ಕೇಳಿದರು ನಿಮ್ಮ ಮಗ. ಹೊಕ್ಕೀನ್ರಿ ಎಂದೆ. "ನಿನ್ನ ಕಿವ್ಯಾಗ ಯಾರೂ ಇರಂಗಿಲ್ಲ ಮತ್ತ" ಎಂದು ಸಣ್ಣಗೆ ನಕ್ಕರು. ಅವತ್ತೇ ಹೋಗಿ ರಿವೈಂಡಿಂಗ್ ಅಂಗಡಿಯ ಬೀಗ ತೆಗೆದರು. ತುಕ್ಕು ಹಿಡಿದಿತ್ತು, ಎಣ್ಣೆ ಬಿಡಬೇಕಾಯಿತು. ಪುಣೆಯವನ ಪುಟ ನಾನು ಇಳಿಸಿದೆ. ಆ ಜಾಗದಲ್ಲಿ ನನ್ನ ಹೆಸರು, ಅಪ್ಪನ ಮನೆಯ ಊರು, ಮಾಡಿದ ಕೆಲಸಗಳನ್ನು ಹಾಕಿದೆ. ಯಾರನ್ನೂ ಕೇಳಲಿಲ್ಲ. ನಿಮ್ಮನ್ನೂ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಕಾಕಾ ನಿನ್ನೆ ಬಂದಿದ್ದರು. ಮಗ ಅಪ್ಪನ ಜಾಗ ಬಿಟ್ಟು ಗ್ರೀಸು ಬಳಿದುಕೊಂಡು ಕೂತಿದ್ದಾನಂತಲ್ಲ ಎಂದು ಹೊರಗಿನಿಂದಲೇ ಗದರುತ್ತ ಬಂದವರು ಬಾಗಿಲಲ್ಲೇ ನಿಂತರು. ನಿಮ್ಮ ಕುರ್ಚಿಯಲ್ಲಿ ಅತ್ತೆ ಕುಳಿತಿದ್ದರು. ನಲವತ್ತು ವರ್ಷದಲ್ಲಿ ಗಿರಾಕಿ ಹೊತ್ತಿನಲ್ಲಿ ಆ ಕೋಣೆಗೆ ಕಾಲಿಡದವರು. "ಬರ್ರಿ ಮಾವಾರ, ಕುಂದ್ರಿ. ಜಾಗಾ ಖಾಲಿ ಇಲ್ಲ ನೋಡ್ರಿ" ಎಂದರು. ಕಾಕಾ ಚಹಾ ಕುಡಿದು ಹೋದರು. ಅವರು ಹೋದ ಮೇಲೆ ಅತ್ತೆ ಅಲ್ಲೇ ಕೂತು ತಮಗೂ ಒಂದು ಕಪ್ಪು ಚಹಾ ತರಿಸಿಕೊಂಡರು.

ಸೋಮವಾರ ಏಳರ ಎಸ್.ಟಿ. ಬಸ್ಸಿಗೆ ಹೊರಡುತ್ತೇನೆ. ಹೆದರಿಕೆ ಇದೆ. ಒಳಗೆ ಕುಳಿತು ಪಿಸುಗುಟ್ಟಿ ರೂಢಿಯಾದ ದನಿ, ಹತ್ತು ಜನರ ಎದುರು ಏಳುತ್ತದೋ ಇಲ್ಲವೋ. ಕೆಲಸ ಸಿಗದೆಯೂ ಹೋಗಬಹುದು, ಆಗ ಇದೇ ಕೋಣೆಗೆ ವಾಪಸು ಬಂದು ಕೂರಬೇಕು. ಆದರೆ ನಿಮಗೆ ಮಾತು ಕೊಡುತ್ತೇನೆ, ನಾನು ಮಾಡಿದ್ದಕ್ಕೆ ಇನ್ನೊಬ್ಬರ ಹೆಸರು ನನ್ನ ಕೈಯಿಂದ ಇನ್ನು ಟೈಪ್ ಆಗುವುದಿಲ್ಲ, ಅದು ನಿಮ್ಮದಾದರೂ ಸರಿ.

ಇದನ್ನು ಬರೆಯುವಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು. "ಯಾರಿಗೆ ಬರ್ಯಾಕ ಹತ್ತೀ?" ಎಂದರು. ಮಾವಾರಿಗೆ ಎಂದೆ. ಹುಚ್ಚು ಹುಡುಗಿ ಎಂದು ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಒಳಗೆ ಹೋದರು, ಮತ್ತೆ ಬಂದರು.

"ನಂದೂ ಒಂದ ಮಾತ ಬರಿ. ಅಷ್ಟ ವರ್ಷದಾಗ ಆ ಪೇಪರಿನ್ಯಾಗ ನಾ ಒಂದೂ ತಪ್ಪ ಬಿಟ್ಟಿಲ್ಲಂತ ಬರಿ."

ನಿಮ್ಮ ಸೊಸೆ,
ಸುವರ್ಣಾ